ಅಗ್ಲಾಯಾಳ ಪಾಲಿನ ನೀರು

"ಬಿಡಜ್ಜಿ, ಹಗ್ಗ ಬಿಗೀಬೇಕು," ಎಂದಳು ಸಾಬಿನಾ.

ಸಾಫ್ತಜ್ಜಿ ಬಿಡಲಿಲ್ಲ. ವ್ಯಾನಿನ ಹಿಂಬಾಗಿಲಿನಲ್ಲಿ ಒಂದರೊಳಗೊಂದು ಪೇರಿಸಿದ್ದ ಹೊಸ ತಗಡಿನ ಬಕೆಟ್ಟುಗಳಲ್ಲಿ ತೀರ ಹೊರಗಿನದರ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಎಂಬತ್ತೊಂದರ ಮುದುಕಿ, ಬೆಳಗಿನ ಆರಕ್ಕೇ ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ರಸ್ತೆ ದಾಟಿ ಬಂದಿದ್ದಳು. ಬಂದದ್ದು ಜಗಳಕ್ಕಲ್ಲ, ತನ್ನ ಪಾಲಿನ ಬಕೆಟ್ಟು ಇಸಿದುಕೊಳ್ಳಲಿಕ್ಕೆ. ಅದು ಸಾಬಿನಾಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ಬರುತ್ತಿತ್ತು.

"ಇವ್ನೆಲ್ಲ ಎತ್ಲಾಗೆ ಸಾಗಿಸ್ತಿದ್ದೀಯ ಮಗಾ? ನಿಮ್ಮವ್ವನ ವರ್ಸ ಇವತ್ತಲ್ವಾ?"

"ಇವತ್ತೇ. ಹೊಳೆ ಆಚೆ ಪ್ರುಂದೆನಿಗೆ ಹೋಗಿ ಕೊಟ್ಟು ಬರ್ತೀವಿ."

"ಪ್ರುಂದೆನೀಲಿ ನಿಮ್ಮವ್ವಂಗೆ ಯಾರವ್ರೆ?"

"ಯಾರೂ ಇಲ್ಲ. ಅದಕ್ಕೇ."

ಸಾಬಿನಾಳ ತಾಯಿ ಅಗ್ಲಾಯಾ ಸತ್ತು ಅಂದಿಗೆ ಒಂದು ವರ್ಷ. ಸತ್ತವರ ಹೆಸರು ಹೇಳಿ ಕೈಯಿಂದ ಕೈಗೆ ಕೊಟ್ಟದ್ದು ಅಲ್ಲಿ ಅವರಿಗೆ ಮುಟ್ಟುತ್ತದೆ, ಕೊಡದೆ ಬಿಟ್ಟರೆ ಅವರು ಅಲ್ಲಿ ಬಾಯಾರಿ ಕೂತಿರುತ್ತಾರೆ. ಗುರಾ ಸ್ಕೋಯ್ಚಿ ಪಟ್ಟಣದಲ್ಲಿ ಇದನ್ನು ನಂಬದವರೂ ತಪ್ಪಿಸುವುದಿಲ್ಲ. ನೀರು ತುಂಬಿದ ಬಕೆಟ್ಟು, ಹಿಡಿಕೆಗೆ ಕಟ್ಟಿದ ಟವೆಲು, ಜಡೆಯಂತೆ ಹೆಣೆದ ರೊಟ್ಟಿ, ಉರಿಯುವ ಮೇಣದಬತ್ತಿ. ಬೀದಿಯ ಪ್ರತಿ ಮನೆಗೂ ಒಂದೊಂದು. ಪೊಮಾನ ಎನ್ನುವ ಈ ದಾನವನ್ನು ದಿನಕ್ಕೆ ಮುಂಚೆ ಕೊಡಬಹುದು, ದಿನ ದಾಟಿಸುವ ಹಾಗಿಲ್ಲ. ಮುಂಚೆ ಕೊಡುವುದಕ್ಕೆ ಸಾಬಿನಾಗೆ ಪುರುಸೊತ್ತಾಗಲಿಲ್ಲ. ಉಮೇದುವಾರಿಕೆಗೆ ಬೇಕಾದ ಸಹಿಗಳಿಗಾಗಿ ಬಾಗಿಲಿಂದ ಬಾಗಿಲಿಗೆ ತಿರುಗುತ್ತಿದ್ದಳು. ಮೇಯರ್ ಚುನಾವಣೆ ಮುಂದಿನ ಭಾನುವಾರ. ಪ್ರಚಾರದ ತಿಂಗಳಲ್ಲಿ ಅಭ್ಯರ್ಥಿಯಾದವರು ಮತದಾರರ ಕೈಗೆ ಒಂದು ಟವೆಲು ಕೊಟ್ಟರೂ ಅದು ಲಂಚ.

"ಕಾಯ್ದೆ ಹಾಗಿದೆ ಅಜ್ಜಿ. ನಿನಗೆ ಇದನ್ನ ಕೊಟ್ಟೆ ಅಂತಿಟ್ಕೋ, ಸಂಜೆ ಹೊತ್ತಿಗೆ ಆ ಮೇಯರ್ ಬ್ರೆಬೆನೆಲ್ ನನ್ನ ಹೆಸರು ಹೊಡೆಸಿ ಹಾಕ್ತಾನೆ."

"ಕಾಯ್ದೆ ಅವ್ನಿಗಿಲ್ವಾ? ಮೊನ್ನೆ ಅವ್ನ ಕಡೆಯೋರು ಮನೆಮನೆಗೂ ಹಿಟ್ಟು, ಎಣ್ಣೆ ಇಟ್ಟು ಹೋದ್ರಲ್ಲ."

"ನೀನು ಇಟ್ಕೊಂಡ್ಯಲ್ಲ?"

"ಹೂಂ, ಇಟ್ಕೊಂಡೆ. ಹಿಟ್ಟೇನ್ ಪಾಪ ಮಾಡಿತ್ತು?"

ವ್ಯಾನಿನ ಪಕ್ಕ ನಿಂತಿದ್ದ ತಮ್ಮ ಓಪ್ರಿಯಾ ನಗು ತಡೆಯಲಾರದೆ ಆಚೆ ತಿರುಗಿದ. ಸಾಬಿನಾ ನಗಲಿಲ್ಲ. "ಅವನಿಗೂ ನನಗೂ ಅಷ್ಟೇ ವ್ಯತ್ಯಾಸ ಅಜ್ಜಿ. ಅವನು ಕೊಡ್ತಾನೆ, ನಾನು ಕೊಡಲ್ಲ. ಎಲೆಕ್ಷನ್ ಮುಗೀಲಿ, ನಿನಗೊಂದು ಒಳ್ಳೇದು ನೋಡಿ ತಂದುಕೊಡ್ತೀನಿ."

"ನಂಗ್ಯಾಕವ್ವ ಬಕೀಟು? ಮನೇಲಿ ಏಳವೆ." ಮುದುಕಿ ಕೊನೆಗೆ ಹಿಡಿಕೆ ಬಿಟ್ಟಳು. "ಐವತ್ತು ವರ್ಸ ನಿಮ್ಮವ್ವ ಆ ಗೋಡೆ ಮ್ಯಾಲಿಂದ ನನ್ನ ಕೂಗಿ ಮಾತಾಡ್ಸಿದ್ಲು. ಅವ್ಳ ಹೆಸ್ರ ತಕ್ಕೊಂಡೋಗಿ ಹೊಳೆ ಆಚೆ ಕೂಗ್ತೀಯಾ? ಆ ಊರ ದಾರಿ ಗೊತ್ತಾ ಅವ್ಳಿಗೆ?"

ಮುದುಕಿ ರಸ್ತೆ ದಾಟಿ ಹೋದ ಮೇಲೆ ಓಪ್ರಿಯಾ, "ಅಕ್ಕಾ, ಮುದುಕಿ ಹೇಳೋದ್ರಲ್ಲೂ..." ಎಂದ.

"ನೀನು ಗಾಡಿ ಓಡ್ಸು."

ಕೋಪ ಬಂದರೆ ಸಾಬಿನಾಗೆ ಬೈಯಲು ಬಾರದು. ಮಾತು ಒಳಕ್ಕೆ ಇಳಿದು ಕೈಗೆ ಬರುತ್ತದೆ. ಕೈ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತದೆ. ಅಂದೂ ಹಗ್ಗದ ಗಂಟನ್ನು ಮೂರು ಸಲ ಬಿಚ್ಚಿ ಮೂರು ಸಲ ಬಿಗಿದಳು. ಐವತ್ತೆರಡು ವಯಸ್ಸಿನ ಆಕೆ ಪಶುವೈದ್ಯರ ಸಹಾಯಕಿ. ಊರಿನ ಒಂದೊಂದು ಹಿತ್ತಿಲಿನ ಹಂದಿಗೂ ಹಸುವಿಗೂ ಸೂಜಿ ಚುಚ್ಚಿದ ಕೈ ಅದು. ಆ ಕೈಯ ಮೇಲಿನ ನಂಬಿಕೆಯಿಂದಲೇ ಜನ ಎರಡು ಸಲ ಅವಳನ್ನು ನಗರಸಭೆಗೆ ಕಳಿಸಿದ್ದರು. ಆರನೆಯ ವರ್ಷ, ಮೇಲಿನ ಬೀದಿಗಳಿಗೆ ನಲ್ಲಿ ಹಾಕುವ ಕೆಲಸ ಪೂರ್ತಿಯಾಗಿದೆ ಎಂದು ಸಭೆ ಒಪ್ಪಿಗೆ ಕೊಡಬೇಕಾದ ದಿನ, ಅವಳು ಒಂದು ಖಾಲಿ ಗಾಜಿನ ಲೋಟ ತಂದು ಮೇಯರ್ ಬ್ರೆಬೆನೆಲ್‌ನ ಮುಂದಿಟ್ಟಳು. "ನಮ್ಮ ಬೀದಿ ನಲ್ಲೀಲಿ ಇದನ್ನ ತುಂಬಿಸಿ ತಂದುಕೊಡಿ, ನಾನೂ ಕೈ ಎತ್ತೀನಿ." ಸಭೆ ನಕ್ಕಿತು. ಹದಿನಾಲ್ಕು ಕೈಗಳು ಎದ್ದವು. ಅವಳು ಅಲ್ಲೇ ಕೂತು ರಾಜೀನಾಮೆ ಬರೆದು, ಅದೇ ಲೋಟದ ಕೆಳಗಿಟ್ಟು ಎದ್ದು ಬಂದಳು. ಅದಾಗಿ ಎರಡು ವರ್ಷ. ನಲ್ಲಿ ಈಗಲೂ ವಾರಕ್ಕೆರಡು ದಿನ ಕೆಮ್ಮಿ, ತುಕ್ಕುನೀರು ಉಗುಳಿ, ಸುಮ್ಮನಾಗುತ್ತದೆ.

ಆ ಲೋಟದ ಕತೆ ಊರಿಗೆಲ್ಲ ಇಷ್ಟವಾಗಿತ್ತು. ಈ ಸಲ ಗಾಳಿ ಅವಳ ಕಡೆಗಿದೆ ಎಂದು ಬ್ರೆಬೆನೆಲ್‌ನ ಕಡೆಯವರೇ ಹೇಳುತ್ತಿದ್ದರು. ಗುರುವಾರ ಸಂತೆಮಾಳದ ಸಭೆಯಲ್ಲಿ ಅವಳು ಮೈಕಿನ ಮುಂದೆ, "ಹೆತ್ತ ತಾಯಿಯ ಪೊಮಾನವನ್ನೇ ನಾನು ಹೊಳೆ ಆಚೆ ಒಯ್ದು ಕೊಡ್ತಿದ್ದೀನಿ, ನನ್ನ ಕೈ ಇಷ್ಟು ಶುದ್ಧ" ಎಂದು ಹೇಳಿದ್ದಳು. ಒಂದಿಷ್ಟು ಜನ ಚಪ್ಪಾಳೆ ತಟ್ಟಿದರು. ಬಹಳ ಜನ ತಟ್ಟಲಿಲ್ಲ. ತಟ್ಟದವರ ಮುಖವನ್ನು ಅವಳು ಆಗ ನೋಡಲಿಲ್ಲ.

ಪ್ರುಂದೆನಿಯ ಜನ ಬೆರಗಾದರು. ಬೇರೆ ಜಿಲ್ಲೆಯ ಹಳ್ಳಿ, ಸೇತುವೆಯಿಂದ ಎರಡೇ ಮೈಲಿ. ಓಪ್ರಿಯಾ ಅಲ್ಲಿನ ಕೊಳಾಯಿಯಲ್ಲಿ ಬಕೆಟ್ಟು ತುಂಬಿಸಿ ತುಂಬಿಸಿ ತಂದ. ಸಾಬಿನಾ ಮೇಣದಬತ್ತಿ ಹೊತ್ತಿಸಿ ಗೇಟಿನಿಂದ ಗೇಟಿಗೆ ಹೋದಳು. ಹಲ್ಲಿಲ್ಲದ ಮುದುಕನೊಬ್ಬ ಬಕೆಟ್ಟನ್ನು ಇಸಿದುಕೊಂಡು, ವ್ಯಾನಿನ ಮೇಲಿನ ಅವಳ ಚಿತ್ರ ನೋಡಿ ಕಿಸಕ್ಕೆಂದ.

"ಎಲೆಕ್ಷನ್ನಿಗೆ ನಿಂತೋರು ನೀವು. ಇಲ್ಲಿ ನಮ್ದು ಓಟೇ ಇಲ್ವಲ್ಲ ತಾಯಿ. ವಿಳಾಸ ತಪ್ತಾ?"

"ಓಟಿಗಲ್ಲಪ್ಪ. ನಮ್ಮವ್ವನ ಹೆಸರಿಗೆ."

"ಏನವ್ರ ಹೆಸ್ರು?" ಅವನ ಹಿಂದಿನಿಂದ ಸೊಸೆ ಕೇಳಿದಳು.

"ಅಗ್ಲಾಯಾ."

"ಹೆಂಗಿದ್ರು?"

ಸಾಬಿನಾಳ ಬೀದಿಯಲ್ಲಿ ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ. "ಗಿಡ್ಡಕ್ಕಿದ್ಲು," ಎಂದಳು. ಆಮೇಲೆ, "ಜೋರಾಗಿ ಮಾತಾಡೋಳು."

"ದೇವ್ರು ಅಗ್ಲಾಯಾನ ಕ್ಷಮಿಸ್ಲಿ," ಎಂದಳು ಆ ಸೊಸೆ, ಹೊಸ ಔಷಧಿಯ ಶೀಸೆಯ ಮೇಲಿನ ಹೆಸರು ಓದುವವಳ ಹಾಗೆ.

ವಾಪಸು ಬರುವಾಗ ಹನ್ನೊಂದೂವರೆ. ಸೇತುವೆ ದಾಟುತ್ತಲೇ ಗಂಟೆ ಕೇಳಿಸಿತು. ಶನಿವಾರ ಸತ್ತವರ ಪೂಜೆಯ ದಿನ, ಗಂಟೆ ಬಾರಿಸುವುದು ಇದ್ದದ್ದೇ. ಆದರೆ ಅವಳ ಬೀದಿಯ ತುದಿಯ ಚರ್ಚಿನ ಅಂಗಳದಲ್ಲಿ ಉದ್ದಕ್ಕೆ ಮೇಜು ಹಾಕಿತ್ತು, ಬಿಳಿಯ ಬಟ್ಟೆ ಹಾಸಿತ್ತು, ಇಡೀ ಬೀದಿ ಅಲ್ಲಿ ನೆರೆದಿತ್ತು. ಓಪ್ರಿಯಾ ತಾನಾಗಿಯೇ ಗಾಡಿ ನಿಲ್ಲಿಸಿದ.

ಮೇಜಿನ ನಡುವೆ ದೊಡ್ಡ ಹರಿವಾಣದಲ್ಲಿ ಕೊಲಿವಾ: ಬೇಯಿಸಿದ ಗೋಧಿ, ಸಕ್ಕರೆ, ಆಕ್ರೋಟು. ಅರ್ಧ ತೆಗೆದಾಗಿತ್ತು. ಉಳಿದರ್ಧದ ಮೇಲೆ ಕೋಕೋ ಪುಡಿಯ ಶಿಲುಬೆಯ ಒಂದು ತೋಳು, ಅದರ ಕೆಳಗೆ ಅವಳ ತಾಯಿಯ ಹೆಸರಿನ ಕೊನೆಯ ಅಕ್ಷರಗಳು. ಹರಿವಾಣದ ಹಿಂದೆ, ಅಂಗಿಯ ತೋಳು ಮಡಿಚಿ, ಸೌಟು ಹಿಡಿದು ನಿಂತವನು ಬ್ರೆಬೆನೆಲ್.

ಅವಳು ಮೊದಲು ಪಾದ್ರಿಯ ಕಡೆ ತಿರುಗಿದಳು. "ಏನಿದು ಫಾದರ್?"

ಪಾದ್ರಿ ಇಲಾರಿಯೋನ್ ಗಡ್ಡ ನೀವಿಕೊಂಡರು. "ಟೀಟು ಬ್ರೆಬೆನೆಲ್ ಅವ್ರೇ ಬಂದು ಕೇಳಿದ್ರಮ್ಮ. ಅಗ್ಲಾಯಾಗೆ ಪ್ರಾರ್ಥನೆ ಮಾಡಿ ಅಂದ್ರು. ಸತ್ತೋರಿಗೆ ಪ್ರಾರ್ಥನೆ ಬೇಡ ಅನ್ನಕ್ಕೆ ನಾನ್ಯಾರು?"

"ನೀನು ಕೆಲಸದಲ್ಲಿದ್ದೆ ಸಾಬಿನಾ," ಎಂದ ಬ್ರೆಬೆನೆಲ್. ದನಿಯಲ್ಲಿ ಒಂದು ಚೂರೂ ಕೊಂಕಿರಲಿಲ್ಲ. "ಹೊಳೆ ಆಚೆ ಹೋಗ್ತೀನಿ ಅಂತ ನೀನೇ ಹೇಳಿದ್ದೆ. ನಾನಂದ್ಕೊಂಡೆ, ಮುದುಕಿ ಹೆಸರು ಅವಳ ಬೀದೀಲೂ ಒಂದು ಸಲ ಕೇಳಿಸ್ಲಿ ಅಂತ. ಚಿಕ್ಕಂದಿನಲ್ಲಿ ನಿಮ್ಮ ಹಿತ್ತಿಲಿನ ಸೇಬು ಕದ್ದಾಗ ನಿಮ್ಮಮ್ಮ ನನ್ನ ಕಿವಿ ಹಿಂಡಿದ್ಲು. ಆಮೇಲೆ ಇನ್ನೆರಡು ಕೊಟ್ಟು ಕಳಿಸಿದ್ಲು."

ಅಂಗಳದಲ್ಲಿ ಸಣ್ಣಗೆ ನಗೆ ಎದ್ದಿತು. ಪ್ರೀತಿಯ ನಗೆ, ಸತ್ತವಳನ್ನು ಕಣ್ಣಮುಂದೆ ಕಂಡವರ ನಗೆ. ಸಾಫ್ತಜ್ಜಿ ಕಣ್ಣೊರೆಸಿಕೊಂಡಳು. "ಹಿಂಡೋಳು, ಹಿಂಡೋಳು," ಎಂದರು ಯಾರೋ.

ಬ್ರೆಬೆನೆಲ್ ಒಂದು ಲೋಟಕ್ಕೆ ಗೋಧಿ ಹಾಕಿ, ಮೇಲೆ ಚಮಚ ಚುಚ್ಚಿ, ಮೇಜಿನ ಈಚೆಗೆ ನೀಡಿದ. "ತಗೋ. ಅಗ್ಲಾಯಾಗೆ."

ಸತ್ತವರ ಹೆಸರು ಹೇಳಿ ನೀಡಿದ್ದನ್ನು ಬೇಡ ಎನ್ನುವವರಿಲ್ಲ. ಬೇಡ ಎಂದರೆ ಅದು ನೀಡಿದವನಿಗಲ್ಲ, ಸತ್ತವರಿಗೆ ಹೇಳಿದ ಮಾತಾಗುತ್ತದೆ. ಸಾಬಿನಾಳ ಕೈ ಎದ್ದಿತು. ಲೋಟವನ್ನು ಕಸಿದು ಅವನ ಮುಖಕ್ಕೆ ಎಸೆಯುವುದಕ್ಕೆ ಎದ್ದ ಕೈ ಅದು. ಓಪ್ರಿಯಾಗೆ ಗೊತ್ತಾಯಿತು, ಅವನು ಎರಡು ಹೆಜ್ಜೆ ಮುಂದೆ ಬಂದ. ಆದರೆ ಲೋಟದಲ್ಲಿದ್ದದ್ದು ಅವಳ ತಾಯಿಯ ಗೋಧಿ. ನೆಲಕ್ಕೆ ಬಿದ್ದರೆ ಬೀಳುವುದು ತಾಯಿಯ ಪಾಲು.

ಅವಳು ತೆಗೆದುಕೊಂಡಳು. ನಿಂತಲ್ಲೇ, ಅವನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಚಮಚ ತಿಂದಳು. ಗೋಧಿ ಚೆನ್ನಾಗಿ ಬೆಂದಿತ್ತು, ನಿಂಬೆಸಿಪ್ಪೆಯ ಘಮವಿತ್ತು. ಅದು ರುಚಿಯಾಗಿತ್ತೆಂಬುದನ್ನು ಅವಳು ಇಡೀ ವಾರ ಕ್ಷಮಿಸಲಾರದೆ ಹೋದಳು. ಲೋಟ ಖಾಲಿಯಾದ ಮೇಲೆ ಹೇಳಬೇಕಾದ ಮಾತನ್ನೂ ಹೇಳಿದಳು: "ದೇವರು ಅವಳನ್ನ ಕ್ಷಮಿಸಲಿ."

"ಕ್ಷಮಿಸಲಿ," ಎಂದಿತು ಇಡೀ ಅಂಗಳ.

ಮರುದಿನ ಎಲ್ಲರ ಫೋನಿನಲ್ಲೂ ಒಂದೇ ಚಿತ್ರ. ಮೇಜಿನ ಆಚೆ ಬ್ರೆಬೆನೆಲ್ ಸೌಟು ಹಿಡಿದು, ತಲೆ ಬಾಗಿಸಿ. ಈಚೆ ಸಾಬಿನಾ, ಬಾಯಲ್ಲಿ ಚಮಚ. ಕೆಳಗೆ ಒಂದು ಅಕ್ಷರವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸೋಮವಾರ ಅವಳು ದೂರು ಬರೆದುಕೊಂಡು ಚುನಾವಣಾ ಕಚೇರಿಗೆ ಹೋದಳು. ಪ್ರಚಾರದ ತಿಂಗಳಲ್ಲಿ ಮತದಾರರಿಗೆ ಆಹಾರ ಹಂಚಿದ್ದಾನೆ, ಸಾಕ್ಷಿ ಇಡೀ ಬೀದಿ. ಜಿಲ್ಲಾಕೇಂದ್ರದಿಂದ ಬಂದಿದ್ದ ಅಧಿಕಾರಿ ಮೂವತ್ತು ದಾಟದ ವಕೀಲ, ಮರ್ಯಾದಸ್ಥ. ಎರಡು ಸಲ ಓದಿದ. ಆಮೇಲೆ ತನ್ನ ಫೋನನ್ನು ಅವಳ ಕಡೆ ತಿರುಗಿಸಿ ಇಟ್ಟ.

"ಮೇಡಂ, ಇದು ನೀವೇ ಅಲ್ವಾ?"

"ನಾನೇ."

"ಲಂಚ ಅಂತ ದೂರು ಕೊಟ್ಟೋರೇ ತಿಂದಿದ್ದಾರೆ ಅಂತ ನಾನು ಬರ್ಕೊಬೇಕಾ?"

"ಅದು ನಮ್ಮವ್ವನ ಪೊಮಾನ!"

"ನಾನೂ ಅದನ್ನೇ ಹೇಳ್ತಿರೋದು." ಅವನು ಕಾಗದವನ್ನು ಮಡಿಸಿ ಅವಳ ಮುಂದೆ ಸರಿಸಿದ. "ಚರ್ಚಿನ ಅಂಗಳ, ಪಾದ್ರಿ, ಪ್ರಾರ್ಥನೆ. ಧರ್ಮಕಾರ್ಯ ಅದು. ಯಾವ ಕಚೇರೀನೂ ಅದನ್ನ ಮುಟ್ಟಲ್ಲ."

ಸಾಬಿನಾ ಕಾಗದ ಎತ್ತಿಕೊಂಡಳು. "ಹಾಗಾದರೆ ನನ್ನ ಬಕೆಟ್ಟು? ನಮ್ಮ ಬೀದೀಲಿ, ಪಾದ್ರಿಯ ಮುಂದೆ ನಾನೇ ಕೊಟ್ಟಿದ್ದಿದ್ರೆ?"

"ಕೊಡಬಹುದಿತ್ತಲ್ಲ," ಎಂದ ಅವನು, ನಿಜವಾಗಿಯೂ ಆಶ್ಚರ್ಯಪಟ್ಟು. "ನಿಮಗೆ ಬೇಡ ಅಂದೋರು ಯಾರು?"

ಯಾರೂ ಅಂದಿರಲಿಲ್ಲ. ಅವಳು ಯಾರನ್ನೂ ಕೇಳಿರಲಿಲ್ಲ. ಕೇಳುವುದೇ ಅವಮಾನ ಎಂದುಕೊಂಡಿದ್ದಳು. ಹೊರಗೆ ಬಂದು, ಓಪ್ರಿಯಾ ಏನಾಯಿತು ಎಂದು ಕೇಳಿದ್ದಕ್ಕೆ ವ್ಯಾನಿನ ಮೇಲಿನ ತನ್ನದೇ ಚಿತ್ರವನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದಳು. ಹಣೆ ಕಿತ್ತು ಬಂತು, ಗಲ್ಲ ಬರಲಿಲ್ಲ. ಉಳಿದ ಐದೂ ದಿನ ಆ ಅರ್ಧ ಮುಖ ಹೊತ್ತೇ ವ್ಯಾನು ಊರು ಸುತ್ತಿತು. ಅವಳು ನಲ್ಲಿಯ ಮಾತನ್ನು ಆಡಿದಳು, ಜನ ತಲೆಯಾಡಿಸಿದರು. ಗೇಟಿನವರೆಗೆ ಬಂದು ಕಳಿಸಿಕೊಟ್ಟರು. ಮೊದಲಿನಂತೆ ಯಾರೂ, ಒಳಗೆ ಬಾ, ಕೂತ್ಕೊ, ಒಂದು ಗುಟುಕು ಕುಡಿ, ಎನ್ನಲಿಲ್ಲ.

ಎಣಿಕೆ ಮುಗಿದಾಗ ಬ್ರೆಬೆನೆಲ್‌ಗೆ ಸಾವಿರದ ಒಂಬೈನೂರ ನಾಲ್ಕು, ಸಾಬಿನಾಗೆ ಸಾವಿರದ ಏಳುನೂರ ಅರವತ್ತೊಂದು. ಊರಿನ ಕೆಳಭಾಗ, ರೈಲುನಿಲ್ದಾಣದ ಕಡೆ, ಅವಳನ್ನು ಅಷ್ಟಾಗಿ ಅರಿಯದವರ ಕಡೆ, ಅವಳೇ ಮುಂದಿದ್ದಳು. ಅವಳನ್ನು ಬೀಳಿಸಿದ್ದು ಮೇಲಿನ ಬೀದಿಗಳು, ನಲ್ಲಿ ಬಾರದ ಬೀದಿಗಳು, ಅವಳವೇ ಬೀದಿಗಳು. ಅಲ್ಲಿನ ಪೆಟ್ಟಿಗೆಯಲ್ಲಿ ಅವಳಿಗೆ ಬಿದ್ದದ್ದು ಎಂಬತ್ತೆಂಟು. ಅವನಿಗೆ ಇನ್ನೂರ ನಲವತ್ತೊಂದು.

ಸೋಮವಾರ ನಲ್ಲಿಯಲ್ಲಿ ನೀರು ಬರುವ ದಿನ. ಬರಲಿಲ್ಲ. ಸಾಬಿನಾ ಎರಡು ಪ್ಲಾಸ್ಟಿಕ್ ಕ್ಯಾನು ಎತ್ತಿಕೊಂಡು ಹೊರಟಳು.

"ಇರು ಅಕ್ಕಾ, ನಾನು ತರ್ತೀನಿ. ಇವತ್ತೊಂದಿನ ನೀನು ಒಳಗಿರು."

"ಯಾಕೆ? ಕದ್ದಿದ್ದೀನಾ ನಾನು?"

ನಾಲ್ಕು ರಸ್ತೆ ಕೂಡುವಲ್ಲಿ ಒಂದು ಬಾವಿ. ಮೇಲೆ ಹಲಗೆಯ ಪುಟ್ಟ ಚಾವಣಿ, ಸರಪಳಿ ಸುತ್ತಿಕೊಂಡ ದೊಡ್ಡ ಚಕ್ರ. ಹತ್ತು ಹನ್ನೆರಡು ಜನ ಸಾಲಿನಲ್ಲಿದ್ದರು, ಹೆಚ್ಚಿನವರು ಹೆಂಗಸರು. ಅವಳು ಮೂಲೆ ತಿರುಗುವವರೆಗೆ ಮಾತು ಕೇಳುತ್ತಿತ್ತು. ಆಮೇಲೆ ಚಕ್ರದ ಕಿರುಗುಟ್ಟುವಿಕೆ ಮಾತ್ರ ಉಳಿಯಿತು. ಅವಳು ಹೋಗಿ ಸಾಲಿನ ತುದಿಯಲ್ಲಿ ನಿಂತಳು.

ಎರಡನೆಯವಳಾಗಿ ನಿಂತಿದ್ದ ಸಾಫ್ತಜ್ಜಿ ತಿರುಗಿ ನೋಡಿದಳು. "ಮುಂದಕ್ಕೆ ಬಾ ಮಗಾ. ನೀನು ಮೊದ್ಲು ತುಂಬ್ಕೊ."

"ಸರದಿ ಬಂದಾಗ ಬರ್ತೀನಿ."

"ಬಾ ಅಂದ್ರೆ."

"ನೀನ್ಯಾರಿಗೆ ಹಾಕ್ದೆ ಅಜ್ಜಿ?"

ಆ ಊರಿನಲ್ಲಿ ಅದನ್ನು ಎದುರಿಗೆ ಯಾರೂ ಕೇಳುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲಬುಡದ ಪಾತ್ರೆಗಳನ್ನು ನೋಡತೊಡಗಿದರು.

"ಅವ್ನಿಗೇ ಹಾಕ್ದೆ," ಎಂದಳು ಮುದುಕಿ.

"ಹಿಟ್ಟಿಗಾ?"

"ಥೂ! ಹಿಟ್ಟಿಗೆ ಯಾರಾದ್ರೂ ಓಟು ಹಾಕ್ತಾರಾ? ಅವ್ನ ಹಿಟ್ಟು ತಿಂದು ನಿಂಗೇ ಹಾಕೋರಿದ್ವಿ ಕಣವ್ವ, ಇಲ್ಲಿರೋರೆಲ್ಲಾರೂವೆ. ನಿಮ್ಮವ್ವನ ಗೋಧಿ ತಿಂದ್ಮೇಲೆ ನಿಂಗೆ ಹೆಂಗೆ ಹಾಕೋದು, ನೀನೇ ಹೇಳು? ಅವ್ನ ಕೈಯಾಗೆ ತಿಂದ್ವಿ. ನೀನೂ ತಿಂದೆ. ನಾವೆಲ್ಲಾ ಕಂಡ್ವಿ."

ಇಷ್ಟು ವರ್ಷ ಕೈಗಿಳಿಯುತ್ತಿದ್ದದ್ದು ಅಂದು ಸಾಬಿನಾಳ ನಾಲಗೆಗೆ ಬಂತು. ದನಿ ಅವಳದೇ ಅನ್ನಿಸಲಿಲ್ಲ. ಬೀದಿಯ ಆ ತುದಿಯವರೆಗೆ ಕೇಳುವ ದನಿ.

"ನಮ್ಮವ್ವನ ಹೆಸರಲ್ಲಿ ಅವನಿಗೆ ಹಾಕಿದ್ರಿ. ನೀರೂ ಅವಳ ಹೆಸರಲ್ಲೇ ಸೇದ್ಕೊಳ್ಳಿ! ಇನ್ನು ನಾಲ್ಕು ವರ್ಷ ಸೇದಿ. ಹಿಮ ಬೀಳಲಿ, ಕೈ ಸರಪಳಿಗೆ ಅಂಟ್ಕೊಳ್ಳಲಿ, ಸೊಂಟ ಮುರೀಲಿ, ಸೇದಿ! ಎಂಟು ವರ್ಷ ನಿಮಗೋಸ್ಕರ ಒಬ್ಬಳೇ ಕೂಗಿದೀನಿ, ಸಾಕು. ನನ್ನ ಬಾಗಿಲು ಬಡೀಬೇಡಿ. ಹಂದಿ ಸಾಯ್ತಾ ಬಿದ್ದಿದ್ರೂ ಬಡೀಬೇಡಿ!"

ಚಕ್ರ ತಿರುಗಿಸುತ್ತಿದ್ದವಳು ಅರ್ಧ ಮೇಲೆ ಬಂದಿದ್ದ ನೀರನ್ನು ಸೇದಿ ಮುಗಿಸಿದಳು. ಆದರೆ ತನ್ನ ಪಾತ್ರೆಗೆ ಸುರಿದುಕೊಳ್ಳಲಿಲ್ಲ. ಪೊಮಾನ ನೀಡುವವಳ ಹಾಗೆ ತುಂಬಿದ ಬಕೆಟ್ಟನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟಳು. ಖಾಲಿ ಪಾತ್ರೆ ಎತ್ತಿಕೊಂಡು ಸಾಲಿನ ಪಕ್ಕದಲ್ಲೇ ನಡೆದು ಬಂದು, ಸಾಬಿನಾಳ ಹಿಂದೆ ನಿಂತಳು.

ಅವಳ ಬೆನ್ನಿಗೆ ಸಾಫ್ತಜ್ಜಿ ಬಂದಳು, ಪಾತ್ರೆಯನ್ನು ನೆಲಕ್ಕೆ ತಾಗಿಸುತ್ತ, ನಿಧಾನಕ್ಕೆ. ಆಮೇಲೆ ಮೂರನೆಯವಳು. ಮುಖ ನೋಡದೆ, ಒಬ್ಬೊಬ್ಬರೇ ಸಾಲು ಬಿಟ್ಟು ಹಿಂದೆ ಹೋದರು. ಸಾಬಿನಾ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಕೊನೆಗೆ ಅವಳಿಗೂ ಬಾವಿಗೂ ನಡುವೆ ಯಾರೂ ಉಳಿಯಲಿಲ್ಲ. ಕಾಲುದಾರಿಯಷ್ಟು ಬರಿಯ ನೆಲ, ಅದರ ಮೇಲೆ ಎಷ್ಟೋ ಪಾತ್ರೆಗಳ ದುಂಡನೆಯ ಒದ್ದೆ ಗುರುತು.

ಅವಳು ಎರಡೂ ಕ್ಯಾನು ಹಿಡಿದು ನಿಂತೇ ಇದ್ದಳು. ಹಿಂದೆ ಯಾರೋ ಕೆಮ್ಮಿದರು. ಬಿಸಿಲು ಹಲಗೆಯ ಚಾವಣಿಯಿಂದ ಕೆಳಗಿಳಿದು ಸರಪಳಿಗೆ ತಾಗಿತು. ಕಟ್ಟೆಯ ಮೇಲೆ ತುಂಬಿ ಇಟ್ಟ ನೀರು ಇನ್ನೂ ಸ್ವಲ್ಪ ಅಲುಗುತ್ತಿತ್ತು, ಆಮೇಲೆ ಅದೂ ನಿಂತಿತು.